ಗುರ್ಲಹೊಸೂರಿನ ಲಕ್ಷ್ಮಣರಾಯರು

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಜೀವನಚರಿತ್ರೆಯೆಂದರೆ ಸಾಮಾನ್ಯವಾಗಿ ಒಬ್ಬ ಶರಣರದೋ, ಅರಸರದೋ, ಕವಿಗಳದೋ ಆಗಿರುತ್ತದೆ. ಅದು ತಪ್ಪೂ ಅಲ್ಲ, ಆಶ್ಚರ್ಯವೂ ಅಲ್ಲ. ಬಸವಣ್ಣನವರು ನಡೆದಾಡಿದ ಕಲ್ಯಾಣದ ನೆಲದಲ್ಲಿ ಹುಟ್ಟಿ, ಮಾಣಿಕಪ್ರಭುಗಳ ಸಂಸ್ಥಾನವಿರುವ ಹುಮನಾಬಾದಿನ ದಾರಿಯಲ್ಲಿ ದಿನವೂ ಬಸ್ಸಿನಲ್ಲಿ ಓಡಾಡುವ ನಮಗೆ ಬೇರೆ ಹೆಸರು ನೆನಪಾಗುವುದಾದರೂ ಹೇಗೆ? ಆದರೆ ಈ ಸಲ ನಾನು ಆರಿಸಿಕೊಂಡಿರುವುದು ಶಾಸನಗಳಲ್ಲಿಯೂ ಪುರಾಣಗಳಲ್ಲಿಯೂ ಸಿಗದ ಒಂದು ಹೆಸರನ್ನು. ಆ ಹೆಸರು ನನಗೆ ಮೊದಲು ಸಿಕ್ಕಿದ್ದು ಪುಸ್ತಕದಲ್ಲಲ್ಲ, ನಮ್ಮ ಹೊಲದ ಬಾವಿಯ ದಂಡೆಯ ಮೇಲೆ.

ಅಲ್ಲಿ ನಮ್ಮ ಅಜ್ಜನ ಕಾಲದ ಒಂದು ಪಂಪು ಇತ್ತು. ಅದರ ಕಬ್ಬಿಣದ ಮೈಮೇಲೆ ಉಬ್ಬಿದ ಅಕ್ಷರಗಳಲ್ಲಿ ಕಿರ್ಲೋಸ್ಕರ ಎಂದು ಎರಕ ಹೊಯ್ದಿತ್ತು. ಇಂಗ್ಲೀಷು ಅಕ್ಷರಗಳನ್ನು ಕೂಡಿಸಿ ಓದಲು ಕಲಿತ ಹೊಸದರಲ್ಲಿ ನಾನು ಅದನ್ನು ಬೆರಳಿನಿಂದ ತಡವಿ ತಡವಿ ಓದುತ್ತಿದ್ದೆ. ಅದು ವಿಲಾಯತಿಯ ಯಾವನೋ ಸಾಹೇಬನ ಹೆಸರೆಂದು ಬಹಳ ದಿನ ನಂಬಿದ್ದೆ. ಅದು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹುಟ್ಟಿದವರ ಹೆಸರೆಂದು ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ತಿಳಿದಾಗ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು ಎಂದರೆ ಸುಳ್ಳಲ್ಲ.

ನಾಚಿಕೆಗೆ ಇನ್ನೊಂದು ಕಾರಣವೂ ಉಂಟು. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪುಣೆಯಿಂದ ಸೊಲ್ಲಾಪುರ, ಹುಮನಾಬಾದುಗಳ ಮೇಲೆ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಬಸವಕಲ್ಯಾಣಕ್ಕೆ ತಿರುಗುವಲ್ಲಿ, ಸಸ್ತಾಪುರ ಬಂಗ್ಲಾ ಇದೆ. ಅಲ್ಲಿ ಲಾರಿಗಳನ್ನು ಬಿಚ್ಚುವವರು, ಜೋಡಿಸುವವರು, ಬಾಡಿ ಕಟ್ಟುವವರು, ಕಮಾನು ಪಾಟಾ ಬದಲಿಸುವವರು, ಬಣ್ಣ ಹೊಡೆಯುವವರು ಸಾಲುಸಾಲಾಗಿ ಇದ್ದಾರೆ. ನಮ್ಮಣ್ಣ ಶಾಲೆ ಬಿಟ್ಟು ಅಲ್ಲಿನ ಒಂದು ಗ್ಯಾರೇಜಿಗೆ ಸೇರಿದವನು. ಅವನ ದುಡಿಮೆಯಿಂದಲೇ ನನ್ನ ಫೀಸು, ಪುಸ್ತಕ, ಬಸ್ಸಿನ ಪಾಸು ನಡೆಯುತ್ತವೆ. ಆದರೂ ಮೊದಲ ವರ್ಷ ಗೆಳೆಯರು ಅಣ್ಣನ ಉದ್ಯೋಗವೇನೆಂದು ಕೇಳಿದಾಗ, ವ್ಯಾಪಾರ ಎಂದು ಹೇಳಿ ತಪ್ಪಿಸಿಕೊಂಡಿದ್ದೆ. ಗ್ರೀಸು ಹತ್ತಿದ ಕೈ ನಮ್ಮ ಬಿ.ಎ. ತರಗತಿಗೆ ಒಗ್ಗುವುದಿಲ್ಲವೆಂದು ನನಗೆ ಯಾರೂ ಕಲಿಸಿರಲಿಲ್ಲ. ಅದು ಗಾಳಿಯಲ್ಲೇ ಇತ್ತು. ಲಕ್ಷ್ಮಣರಾಯರ ಚರಿತ್ರೆಯನ್ನು ನಾನು ಓದಿದ್ದು ಈ ಮನಸ್ಸಿನಿಂದ. ಆದ್ದರಿಂದ ಈ ಲೇಖನದಲ್ಲಿ ನಿಷ್ಪಕ್ಷಪಾತವನ್ನು ಯಾರೂ ನಿರೀಕ್ಷಿಸಬಾರದು.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು ೧೮೬೯ನೆಯ ಇಸವಿ ಜೂನ್ ೨೦ರಂದು ಸವದತ್ತಿಯ ಸೀಮೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಆಗ ಅದು ಮುಂಬಯಿ ಇಲಾಖೆಗೆ ಸೇರಿತ್ತು. ಮನೆಯ ಮಾತು ಮರಾಠಿ, ಊರಿನ ಮಾತು ಕನ್ನಡ. ಕೊಂಕಣದ ಕಿರ್ಲೋಶಿ ಎಂಬ ಗ್ರಾಮದಿಂದ ಈ ಮನೆತನಕ್ಕೆ ಹೆಸರು ಬಂದದ್ದು. ಮರಾಠಿ ಸಂಗೀತ ನಾಟಕಕ್ಕೆ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಇದೇ ಊರಿನವರು, ಇದೇ ಮನೆತನದವರು. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಹೆಸರಾದವರು. ಬ್ರಹ್ಮವೇ ಸತ್ಯ, ಜಗತ್ತು ಮಿಥ್ಯೆ ಎಂಬ ವಿಚಾರ ನಡೆಯುವ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಕಬ್ಬಿಣ, ಚಕ್ರ, ಹಲ್ಲುಗಾಲಿ ಇವುಗಳ ಹುಚ್ಚು ಹೇಗೆ ಹಿಡಿಯಿತೋ! ಓದಿನಲ್ಲಿ ಹುಡುಗ ಅಂಥ ಜಾಣನೇನಲ್ಲ. ಚಿತ್ರ ಬರೆಯುವುದು ಮತ್ತು ಕೈಗೆ ಸಿಕ್ಕ ಯಂತ್ರವನ್ನು ಬಿಚ್ಚಿ ನೋಡುವುದು, ಇವೆರಡರಲ್ಲೇ ಆಸಕ್ತಿ.

೧೮೮೫ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಅವರು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಹೋದರು. ಚಿತ್ರಗಾರನಾಗುವುದು ತಂದೆಗೆ ಒಪ್ಪಿಗೆಯಿರಲಿಲ್ಲ. ಖರ್ಚಿನ ಹೊಣೆಯನ್ನು ಹಿರಿಯಣ್ಣ ರಾಮೂಅಣ್ಣ ಹೊತ್ತುಕೊಂಡರು. ಈ ರಾಮೂಅಣ್ಣನವರ ಹೆಸರನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ದೊಡ್ಡವರ ಚರಿತ್ರೆಗಳಲ್ಲಿ ಇಂಥ ಅಣ್ಣಂದಿರು ಒಂದು ಸಾಲಿನಲ್ಲಿ ಬಂದು ಹೋಗಿಬಿಡುತ್ತಾರೆ, ಇಲ್ಲಿ ಹಾಗಾಗಲಿಲ್ಲ.

ಎರಡು ವರ್ಷದ ಹೊತ್ತಿಗೆ ಒಂದು ಅಪಘಾತವೆನ್ನಬಹುದಾದ ಸಂಗತಿ ಬೆಳಕಿಗೆ ಬಂದಿತು. ಕೆಲವು ಬಣ್ಣಗಳನ್ನು ಒಂದರಿಂದೊಂದು ಬೇರೆಯೆಂದು ಗುರುತಿಸುವ ಶಕ್ತಿ ಅವರ ಕಣ್ಣಿಗೆ ಅಂಶತಃ ಇರಲಿಲ್ಲ. ಚಿತ್ರಗಾರನಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು? ಅಣ್ಣನ ಹಣ ಖರ್ಚಾಗಿದೆ, ತಂದೆಯ ಮಾತನ್ನು ಮೀರಿ ಬಂದದ್ದಾಗಿದೆ, ಊರಿಗೆ ಮುಖ ತೋರಿಸುವುದು ಹೇಗೆ? ಆದರೆ ಯಂತ್ರಗಳ ನಕ್ಷೆಗೆ ಬಣ್ಣ ಬೇಕಿಲ್ಲ. ಗೆರೆ ನೇರವಾಗಿದ್ದರೆ, ಅಳತೆ ಸರಿಯಾಗಿದ್ದರೆ ಸಾಕು. ಲಕ್ಷ್ಮಣರಾಯರು ಯಾಂತ್ರಿಕ ನಕ್ಷೆಯನ್ನು ಕಲಿತು, ೧೮೮೭ರಲ್ಲಿ ಆರಂಭವಾಗಿದ್ದ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಅದೇ ವಿಷಯದ ಸಹಾಯಕ ಅಧ್ಯಾಪಕರಾದರು. ಪಾಠ ಮುಗಿದ ಮೇಲೆ ಅಲ್ಲಿನ ವರ್ಕ್‌ಶಾಪಿಗೆ ಹೋಗಿ ಯಂತ್ರಗಳನ್ನು ನಡೆಸುವುದನ್ನೂ ಕಲಿತರು. ಅಧ್ಯಾಪಕನಾದವನು ಕೋಟು ಕಳಚಿಟ್ಟು ಲೇಥಿನ ಮುಂದೆ ನಿಲ್ಲುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಈ ಕಾಲಕ್ಕೂ ಅಲ್ಲವೇನೋ!

ಮುಂಬಯಿಯಲ್ಲಿ ಅವರು ಮೊದಲ ಬಾರಿ ಬೈಸಿಕಲ್ಲನ್ನು ಕಂಡರು. ಇಂದು ನಮ್ಮ ಹಳ್ಳಿಯ ಹುಡುಗಿಯರೆಲ್ಲ ಶಾಲೆಗೆ ತುಳಿದುಕೊಂಡು ಹೋಗುವ ಈ ವಾಹನ ಆಗ ಮೋಟಾರಿಗಿಂತ ದೊಡ್ಡ ವಿಸ್ಮಯ. ಮೋಟಾರು ಇನ್ನೂ ಈ ದೇಶಕ್ಕೆ ಬಂದೇ ಇರಲಿಲ್ಲ. ಒಂದು ಬೈಸಿಕಲ್ಲಿಗೆ ಏಳುನೂರರಿಂದ ಸಾವಿರ ರೂಪಾಯಿಯವರೆಗೂ ಬೆಲೆಯಿತ್ತೆಂದು ಹೇಳುತ್ತಾರೆ. ಲಕ್ಷ್ಮಣರಾಯರು ಮುಂಬಯಿಯಲ್ಲಿ ಕೊಂಡು ಬೆಳಗಾವಿಗೆ ಕಳಿಸುವುದು, ರಾಮೂಅಣ್ಣನವರು ಅಲ್ಲಿ ಮಾರುವುದು, ಕೊಂಡವರಿಗೆ ಹದಿನೈದು ರೂಪಾಯಿ ತೆಗೆದುಕೊಂಡು ಸವಾರಿ ಕಲಿಸುವುದು, ಹೀಗೆ ಅಣ್ಣತಮ್ಮಂದಿರ ವ್ಯಾಪಾರ ಸಾಗಿತು. ಅಂಗಡಿಯ ಹೆಸರು ಕಿರ್ಲೋಸ್ಕರ ಬ್ರದರ್ಸ್. ೧೮೮೮ನೆಯ ಇಸವಿಯನ್ನೇ ಆ ಸಂಸ್ಥೆಯ ಜನ್ಮವರ್ಷವೆಂದು ಎಣಿಸುತ್ತಾರೆ. ಆಗ ತಮ್ಮನಿಗೆ ಹತ್ತೊಂಬತ್ತು ವರ್ಷ, ಅಂದರೆ ನಮ್ಮಲ್ಲಿ ಬಹುಮಂದಿ ಎರಡನೆಯ ವರ್ಷದ ಪರೀಕ್ಷೆಗೆ ಕೂಡುವ ವಯಸ್ಸು.

ವಿದ್ಯಾಲಯದಲ್ಲಿ ಅವರ ಸರದಿಗೆ ಬಂದ ಬಡತಿಯನ್ನು ಒಬ್ಬ ಆಂಗ್ಲೋ-ಇಂಡಿಯನ್ನರಿಗೆ ಕೊಡಲಾಯಿತು. ೧೮೯೭ರ ಸುಮಾರಿಗೆ ಅವರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಹಿಂದಿರುಗಿದರು. ನಾನು ಈ ಸ್ಥಳದಲ್ಲಿ ಪುಸ್ತಕವನ್ನು ಮಡಚಿಟ್ಟು ಸ್ವಲ್ಪ ಹೊತ್ತು ಕುಳಿತೆ. ಅವಮಾನವನ್ನು ನುಂಗಿಕೊಂಡು ಉಳಿದಿದ್ದರೆ ತಿಂಗಳ ಸಂಬಳವಿತ್ತು, ವೃದ್ಧಾಪ್ಯಕ್ಕೆ ಪೆನ್ಷನ್ನಿತ್ತು, ಊರಿಗೆ ಹೋದಾಗ ಮಾಸ್ತರರೆಂಬ ಗೌರವವಿತ್ತು. ಬಿಟ್ಟರೆ ಇದ್ದದ್ದು ಒಂದು ಸೈಕಲ್ ರಿಪೇರಿಯ ಅಂಗಡಿ. ಸರಕಾರಿ ನೌಕರಿಯ ಪರೀಕ್ಷೆಗೆ ಹಗಲಿರುಳು ತಯಾರಾಗುತ್ತಿರುವ ನಾವು ಇದನ್ನು ಸುಲಭವಾಗಿ ಮೆಚ್ಚಬಾರದು. ಮೆಚ್ಚುವ ಮೊದಲು ನಮ್ಮ ಮನೆಯಲ್ಲಿ ಒಬ್ಬರು ಹೀಗೆ ಮಾಡಿದರೆ ನಾವು ಏನೆನ್ನುತ್ತಿದ್ದೆವು ಎಂದು ಕೇಳಿಕೊಳ್ಳಬೇಕು.

ಬೆಳಗಾವಿಯ ಠಳಕವಾಡಿಯಲ್ಲಿ, ಈಗ ತಿಳಕವಾಡಿ ಎನ್ನುವಲ್ಲಿ, ಅವರ ಸಣ್ಣ ಕಾರಖಾನೆ ಬೆಳೆಯಿತು. ಮೊದಲು ಮಾಡಿದ್ದು ಮೇವು ಕತ್ತರಿಸುವ ಯಂತ್ರ. ನಮ್ಮ ಕಡೆಯವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನ ಎಲೆ ತಿಂದು ದಂಟನ್ನು ತುಳಿದು ಬಿಡುತ್ತದೆ. ಬೆರಳುದ್ದ ಕತ್ತರಿಸಿ ಹಾಕಿದರೆ ಮುಕ್ಕಾಲು ಪಾಲು ಹೊಟ್ಟೆಗೆ ಹೋಗುತ್ತದೆ. ಬರಗಾಲದ ವರ್ಷದಲ್ಲಿ ಒಂದು ಬಣವೆ ಒಂದು ತಿಂಗಳು ಹೆಚ್ಚಿಗೆ ಬಂದರೆ ಒಂದು ಜೋಡಿ ಎತ್ತು ಉಳಿದಂತೆ.

ಎರಡನೆಯದು ಕಬ್ಬಿಣದ ನೇಗಿಲು. ೧೯೦೩ರ ಹೊತ್ತಿಗೆ ವಿದೇಶದ ನೇಗಿಲುಗಳನ್ನು ನೋಡಿ, ನಮ್ಮ ಎತ್ತಿಗೂ ನಮ್ಮ ನೆಲಕ್ಕೂ ಹೊಂದುವಂತೆ ಅವರು ಇದನ್ನು ತಯಾರಿಸಿದರು. ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುವುದಕ್ಕೆ ವಾಚಕರು ಅಪ್ಪಣೆ ಕೊಡಬೇಕು, ಏಕೆಂದರೆ ನಾನು ಒಕ್ಕಲಿಗರ ಮನೆಯವನು. ನಮ್ಮ ಹಳೆಯ ಮರದ ರಂಟೆಯಾಗಲಿ ನೇಗಿಲಾಗಲಿ ನೆಲವನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಎರಡು ಸಾಲುಗಳ ನಡುವೆ ಉಳುಮೆಯಾಗದ ದಿಂಡು ಉಳಿಯುತ್ತದೆ. ಕರಿಕೆಯಂಥ ಆಳದ ಬೇರಿನ ಕಳೆ ಅಲ್ಲಿ ಸುಖವಾಗಿರುತ್ತದೆ. ಕಬ್ಬಿಣದ ನೇಗಿಲಿಗೆ ಕುಳದ ಹಿಂದೆ ಬಾಗಿದ ಒಂದು ರೆಕ್ಕೆ ಇರುತ್ತದೆ. ಕುಳ ಕತ್ತರಿಸಿದ ಮಣ್ಣಿನ ಪದರ ಆ ರೆಕ್ಕೆಯ ಮೇಲೆ ಏರಿ, ಹೊರಳಿ, ತಲೆಕೆಳಗಾಗಿ ಬೀಳುತ್ತದೆ. ಕಳೆಯ ಬೇರು ಬಿಸಿಲಿಗೆ ಬರುತ್ತದೆ, ಮೇಲಿನ ಕಸ ಒಳಗೆ ಹೋಗಿ ಗೊಬ್ಬರವಾಗುತ್ತದೆ, ಮೊದಲ ಮಳೆಯ ನೀರು ಹರಿದು ಹೋಗದೆ ಇಂಗುತ್ತದೆ. ನಮ್ಮ ಹುಮನಾಬಾದಿನ ಸುತ್ತಲಿನ ಎರೆಯ ಹೊಲದಲ್ಲಿ ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಅಂಥ ನೆಲವನ್ನು ಮಗುಚುವುದಕ್ಕೆ ಎರಡು ಮೂರು ಜೋಡಿ ಎತ್ತು ಹೂಡಬೇಕು.

ಈ ನೇಗಿಲನ್ನು ಕೊಳ್ಳುವವರು ಸಿಗಲಿಲ್ಲ. ಕಬ್ಬಿಣ ತಾಕಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹೆದರಿದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಪುಸ್ತಕಗಳಲ್ಲಿ ಇದನ್ನು ರೈತರ ಮೂಢನಂಬಿಕೆಯೆಂದು ಬರೆದು ಮುಂದೆ ಹೋಗುತ್ತಾರೆ. ನನಗೆ ಅಷ್ಟಕ್ಕೆ ಸಮಾಧಾನವಿಲ್ಲ. ಮರದ ನೇಗಿಲು ಮುರಿದರೆ ಊರ ಬಡಿಗ ಸರಿಮಾಡಿಕೊಡುತ್ತಿದ್ದ, ಕುಳ ಸವೆದರೆ ಕಮ್ಮಾರ ತಟ್ಟಿಕೊಡುತ್ತಿದ್ದ. ಅವರಿಗೆ ಸುಗ್ಗಿಯಲ್ಲಿ ಆಯ ಅಳೆದರೆ ಆಯಿತು, ರೊಕ್ಕ ಬೇಕಿರಲಿಲ್ಲ. ಎರಕದ ಕಬ್ಬಿಣ ಸೀಳಿದರೆ ಊರ ಕುಲುಮೆಯಲ್ಲಿ ಅದನ್ನು ಬೆಸೆಯಲಾಗದು. ಬಿಡಿಭಾಗಕ್ಕೆ ಪೇಟೆಗೆ ಹೋಗಬೇಕು, ರೊಕ್ಕ ಎಣಿಸಬೇಕು, ಅಷ್ಟರಲ್ಲಿ ಹದ ತಪ್ಪುತ್ತದೆ. ವಿಷದ ಮಾತಿನ ಒಳಗೆ ಈ ಲೆಕ್ಕವೂ ಇದ್ದಿರಬೇಕೆಂದು ನನ್ನ ಊಹೆ. ಅಂತೂ ಲಕ್ಷ್ಮಣರಾಯರು ರೈತರನ್ನು ಬಯ್ಯದೆ ನೇಗಿಲನ್ನು ತಿದ್ದುತ್ತಾ ಹೋದರು. ಇದು ಅವರ ದೊಡ್ಡತನವೆಂದು ನಾನು ತಿಳಿದಿದ್ದೇನೆ.

ನೇಗಿಲಿಗೆ ಗಿರಾಕಿ ಬರತೊಡಗಿದಾಗ ನೆಲವೇ ಹೋಯಿತು. ಬೆಳಗಾವಿಯ ಪುರಸಭೆಯವರು ಹೊಸ ಬಡಾವಣೆಗಾಗಿ ಠಳಕವಾಡಿಯ ಆ ಜಾಗವನ್ನು ತೆಗೆದುಕೊಳ್ಳಲು ನಿಶ್ಚಯಿಸಿದರು. ನಲವತ್ತರ ವಯಸ್ಸು, ಯಂತ್ರಗಳನ್ನು ಕಿತ್ತುಕೊಂಡು ಎಲ್ಲಿಗೆ ಹೋಗುವುದು? ಆಗ ನೆರವಿಗೆ ಬಂದವರು ಔಂಧ ಸಂಸ್ಥಾನದ ಅರಸರಾದ ಭವಾನರಾವ್ ಪಂತ ಪ್ರತಿನಿಧಿಗಳು. ೧೯೦೯ರಲ್ಲಿ ಗಾದಿಗೆ ಬಂದಿದ್ದ ಈ ಅರಸರು ಸ್ವತಃ ಚಿತ್ರಗಾರರು, ಸೂರ್ಯನಮಸ್ಕಾರವನ್ನು ಊರೂರಿಗೆ ಪ್ರಚಾರ ಮಾಡಿದವರು. ಕುಂಡಲ್ ರೋಡ್ ಎಂಬ ರೈಲು ಸ್ಟೇಷನ್ನಿನ ಬಳಿ ೩೨ ಎಕರೆ ನೆಲವನ್ನು ಕೊಟ್ಟು, ೧೦,೦೦೦ ರೂಪಾಯಿಯನ್ನು ಬಡ್ಡಿಯಿಲ್ಲದೆ ಸಾಲವಾಗಿಯೂ ಕೊಟ್ಟರು. ಬಣ್ಣ ಕಾಣದ ಕಣ್ಣಿನ ಚಿತ್ರಗಾರನಿಗೆ ಚಿತ್ರಗಾರನಾದ ಅರಸನೇ ಆಸರೆಯಾದದ್ದು ಒಂದು ಯೋಗಾಯೋಗ.

೩೨ ಎಕರೆ ಎಂದಾಕ್ಷಣ ಯಾರೂ ಹಸಿರು ಹೊಲವನ್ನು ಕಲ್ಪಿಸಿಕೊಳ್ಳಬಾರದು. ಅದು ಪಾಪಾಸುಕಳ್ಳಿ ಬೆಳೆದ ಬೀಳು, ನಾಗರಹಾವುಗಳ ಮನೆ. ನೀರಿನ ಅಭಾವ. ೧೯೧೦ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಸುಮಾರು ಇಪ್ಪತ್ತೈದು ಮಂದಿ ಕೆಲಸಗಾರರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಲಕ್ಷ್ಮಣರಾಯರ ಜೊತೆಗೆ ಅಲ್ಲಿಗೆ ಹೋದರು. ಬೆಳಗಾವಿಯ ಮನೆಮಾರು ಬಿಟ್ಟು ಕಳ್ಳಿಯ ಬೀಳಿಗೆ ಬರಲು ಅವರಿಗೆ ಏನು ಕಾರಣವಿತ್ತು? ಮಾಲೀಕನ ಮೇಲಿನ ವಿಶ್ವಾಸವೊಂದೇ. ಕಳ್ಳಿ ಕಡಿದರು, ಹಾವು ಹೊಡೆದರು, ತಗಡಿನ ಮಾಡು ಎತ್ತಿದರು, ಕುಲುಮೆ ಹೂಡಿದರು. ಕಿರ್ಲೋಸ್ಕರವಾಡಿ ಹುಟ್ಟಿದ್ದು ಹೀಗೆ. ಮುಂದೆ ರೈಲು ಸ್ಟೇಷನ್ನಿಗೂ ಅದೇ ಹೆಸರಾಯಿತು. ಅವರ ಮಗ ಶಂತನುರಾಯರು ೧೯೮೨ರಲ್ಲಿ ಪ್ರಕಟಿಸಿದ ಆತ್ಮಕಥೆಗೆ ಕಳ್ಳಿ ಮತ್ತು ಗುಲಾಬಿಗಳ ಹೆಸರನ್ನೇ ಇಟ್ಟರು.

ಆ ಮೊದಲ ದಿನಗಳ ಸಂಗಡಿಗರ ಪಟ್ಟಿಯನ್ನು ನೋಡಿದರೆ ನಗುವೂ ಬರುತ್ತದೆ, ಗೌರವವೂ ಬರುತ್ತದೆ. ಆಡಳಿತಕ್ಕೆ ರಾಮೂಅಣ್ಣ; ಸೈಕಲ್ ಮಾರಿದ ಅಣ್ಣ ತಮ್ಮನ ಹಿಂದೆ ಬೀಳಿಗೂ ಬಂದರು. ಯಂತ್ರಗಳಿಗೆ ಶಂಭೋರಾವ್ ಜಾಂಭೇಕರ. ಲೆಕ್ಕಪತ್ರಕ್ಕೆ ಮಂಗೇಶರಾವ್ ರೇಗೆ. ಓದನ್ನು ನಡುವೆ ಬಿಟ್ಟು ಬಂದ ಅನಂತರಾವ್ ಫಳಣೀಕರ ಅಲ್ಲಿ ಇಂಜಿನಿಯರರಾದರು. ರಾತ್ರಿಯ ಕಾವಲಿಗೆ ತುಕಾರಾಮ ರಾಮೋಶಿ ಮತ್ತು ಪಿರ್ಯಾ ಮಾಂಗ. ಈ ಇಬ್ಬರೂ ದರೋಡೆಗೆ ಶಿಕ್ಷೆಯಾದವರು! ಕಾರಖಾನೆಯ ಬೀಗದ ಹೊಣೆ ಅವರದು. ಜನ ಬೇಡವೆಂದು ಬಿಟ್ಟವರನ್ನು ಲಕ್ಷ್ಮಣರಾಯರು ಕರೆದು ಕೆಲಸ ಕೊಟ್ಟರು. ಅವರು ಆ ನಂಬಿಕೆಯನ್ನು ಉಳಿಸಿಕೊಂಡರು. ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆಗೆ ಎಡೆಯಿಲ್ಲವೆಂದು ಅವರು ಕಟ್ಟಳೆ ಮಾಡಿದರು. ೧೯೧೦ರ ದಶಕ ಎಂಬುದನ್ನು ಮರೆಯಬಾರದು. ವೇದಾಂತಿಗಳ ಮಗ ಅದ್ವೈತವನ್ನು ಬಾಯಿಂದ ಹೇಳದೆ ನೀರಿನ ಕೊಳಾಯಿಯ ಬಳಿ ಜಾರಿಗೆ ತಂದರು ಎನ್ನಬೇಕು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಪ್ರತಿವರ್ಷ ಬಸವಜಯಂತಿಯಲ್ಲಿ ನಾವು ಕಾಯಕದ ಮೇಲೆ ಭಾಷಣ ಮಾಡುತ್ತೇವೆ. ನಾನೂ ಮಾಡಿ ಬಹುಮಾನ ತೆಗೆದುಕೊಂಡಿದ್ದೇನೆ. ಹಗ್ಗ ಹೊಸೆದ ನುಲಿಯ ಚಂದಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಬಟ್ಟೆ ಒಗೆದ ಮಡಿವಾಳ ಮಾಚಯ್ಯ ಇವರ ಹೆಸರುಗಳನ್ನು ನಾನು ಒಂದೇ ಉಸಿರಿನಲ್ಲಿ ಹೇಳಬಲ್ಲೆ. ಆ ಶರಣರು ತಮ್ಮ ಕಸುಬನ್ನು ಹೆಸರಿನ ಮುಂದೆಯೇ ಇಟ್ಟುಕೊಂಡರು. ನಾನು ಅಣ್ಣನ ಕಸುಬನ್ನು ವ್ಯಾಪಾರವೆಂದು ಮುಚ್ಚಿಟ್ಟಿದ್ದು ಆ ಬಹುಮಾನ ತೆಗೆದುಕೊಂಡ ವರ್ಷವೇ.

ಮೊದಲನೆಯ ಮಹಾಯುದ್ಧದಲ್ಲಿ ಕಬ್ಬಿಣವೂ ಕಲ್ಲಿದ್ದಲೂ ಸಿಗದಂತಾದವು. ವಿದೇಶದ ನೇಗಿಲುಗಳು ಬರುವುದು ನಿಂತದ್ದರಿಂದ ಬೇಡಿಕೆ ಮಾತ್ರ ಏರಿತು. ಹಳೆಯ ಕಬ್ಬಿಣ ಎಲ್ಲಿ ಸಿಕ್ಕಿದರೂ ತಂದು ಕರಗಿಸಿದರು. ಕೊಲ್ಲಾಪುರದ ಶಾಹೂ ಮಹಾರಾಜರು ಕೋಟೆಯ ಹಳೆಯ ತೋಪುಗಳನ್ನು ಕೊಟ್ಟರೆಂದೂ, ಅವು ನೇಗಿಲಾದವೆಂದೂ ಆ ಕಡೆ ಇಂದಿಗೂ ಹೇಳುತ್ತಾರೆ. ೧೯೨೦ರಲ್ಲಿ ಸಂಸ್ಥೆ ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ಅವರ ಮನೆತನದ ಶಂಕರರಾವ್ ಕಿರ್ಲೋಸ್ಕರರ ಸಂಪಾದಕತ್ವದಲ್ಲಿ ಒಂದು ಮರಾಠಿ ಮಾಸಪತ್ರಿಕೆ ಹೊರಟಿತು. ನೇಗಿಲಿನ ಜಾಹೀರಾತಿಗೆಂದು ಹುಟ್ಟಿದ ಪತ್ರಿಕೆ ಸಾಹಿತ್ಯದ ಪತ್ರಿಕೆಯಾಗಿ ಹೆಸರು ಮಾಡಿತು. ೧೯೩೦ರಲ್ಲಿ ಹೆಂಗಸರಿಗಾಗಿ ಸ್ತ್ರೀ ಎಂಬ ಪತ್ರಿಕೆಯೂ ಬಂದಿತು. ಕಬ್ಬಿನ ಗಾಣ, ಶೇಂಗಾ ಒಡೆಯುವ ಯಂತ್ರ, ಪಂಪು, ಲೇಥು, ಎಣ್ಣೆಯ ಇಂಜಿನು, ಕಬ್ಬಿಣದ ಕುರ್ಚಿ ಮೇಜು, ಹೀಗೆ ಒಂದೊಂದಾಗಿ ಕಾರಖಾನೆಯಿಂದ ಹೊರಬಂದವು. ನಮ್ಮ ಬಾವಿಯ ಪಂಪಿನ ಪೂರ್ವಜರು ೧೯೨೦ರ ದಶಕದವರು.

ಮಗ ಶಂತನುರಾಯರು ಹುಟ್ಟಿದ್ದು ೧೯೦೩ರಲ್ಲಿ, ನಮ್ಮ ಹೆದ್ದಾರಿಯ ಸೊಲ್ಲಾಪುರದಲ್ಲಿ. ಅವರನ್ನೂ ಅವರ ದಾಯಾದಿ ಸಹೋದರ ಮಾಧವರಾಯರನ್ನೂ ೧೯೨೨ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯಕ್ಕೆ ಕಳಿಸಿದರು. ಮಾಧವರಾಯರು ಕ್ಷಯರೋಗದಿಂದ ತೀರಿಕೊಂಡರು. ಶಂತನುರಾಯರು ೧೯೨೬ರಲ್ಲಿ ಪದವಿ ಪಡೆದು ಮರಳಿ ಬಂದು ಕಾರಖಾನೆಯ ಕೆಲಸಕ್ಕೆ ನಿಂತರು. ಆ ಮೇಲಿನ ಬೆಳವಣಿಗೆಯ ಬಹುಭಾಗ ಮಕ್ಕಳದು. ೧೯೪೧ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಸ್ಥಾಪನೆಯಾಗಿ ಲೇಥುಗಳು ತಯಾರಾದವು. ೧೯೪೬ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರಿನ ಕಾರಖಾನೆ, ಪುಣೆಯಲ್ಲಿ ಇಂಜಿನುಗಳ ಕಾರಖಾನೆ. ಕನ್ನಡ ನಾಡಿನಿಂದ ಜಾಗ ಕಳೆದುಕೊಂಡು ಹೋದ ಹೆಸರು ಹೀಗೆ ಕನ್ನಡ ನಾಡಿಗೆ ಮರಳಿ ಬಂದಿತು. ಬೆಳಗಾವಿಯಲ್ಲಿಯೂ ಒಂದು ಕಿರ್ಲೋಸ್ಕರ ರಸ್ತೆ ಉಳಿದಿದೆ.

ಇನ್ನೊಂದು ಪೆಟ್ಟು ಬಾಕಿಯಿತ್ತು. ೧೯೪೮ರ ಜನವರಿ ೩೦ರಂದು ಮಹಾತ್ಮರ ಕೊಲೆಯಾಯಿತು. ಕೊಲೆಗಾರನ ಜಾತಿಯವರ ಮೇಲೆ ಆ ಸೀಮೆಯಲ್ಲಿ ಜನರು ತಿರುಗಿಬಿದ್ದರು. ಕಿರ್ಲೋಸ್ಕರವಾಡಿಯ ಕಾರಖಾನೆಗೆ ಬೆಂಕಿ ಬಿದ್ದಿತು. ಜಾತಿಭೇದವನ್ನು ಹೊರಗಿಟ್ಟು ಕಟ್ಟಿದ ಊರು ಜಾತಿಯ ಹೆಸರಿನಲ್ಲಿ ಉರಿಯಿತು. ಲಕ್ಷ್ಮಣರಾಯರಿಗೆ ಆಗ ಎಪ್ಪತ್ತೆಂಟು ದಾಟಿತ್ತು. ಅದೇ ವರ್ಷ ನಮ್ಮ ಬೀದರ ಜಿಲ್ಲೆಯಲ್ಲಿಯೂ ಏನೇನಾಯಿತೆಂಬುದನ್ನು ಹಿರಿಯರ ಬಾಯಿಂದ ಕೇಳಿರುವ ನಮಗೆ, ನೆರೆಯವರು ನೆರೆಯವರಿಗೆ ಬೆಂಕಿ ಇಡುವುದು ಹೇಗೆ ಸಾಧ್ಯವೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಾರಖಾನೆಯನ್ನು ಮತ್ತೆ ಕಟ್ಟಿದರು.

ಬೆಂಕಿಯ ಮಾತು ಬಂದಾಗ ನನಗೆ ದೂರದ ಕೊರಿಯಾದ ಚುಂಗ್ ಜು ಯುಂಗರ ನೆನಪಾಗುತ್ತದೆ. ಅವರು ೧೯೧೫ರಲ್ಲಿ ಒಂದು ಬಡ ಒಕ್ಕಲು ಮನೆಯಲ್ಲಿ ಹುಟ್ಟಿ, ತಂದೆ ಹಸು ಮಾರಿದ ಹಣವನ್ನು ಎತ್ತಿಕೊಂಡು ಊರು ಬಿಟ್ಟವರು. ಅಕ್ಕಿಯ ಅಂಗಡಿಯಲ್ಲಿ ದುಡಿದು, ೧೯೪೦ರಲ್ಲಿ ಸಾಲ ಮಾಡಿ ಮೋಟಾರು ರಿಪೇರಿಯ ಗ್ಯಾರೇಜು ತೆಗೆದುಕೊಂಡರು. ಕೆಲವೇ ದಿನಗಳಲ್ಲಿ ಅದು ಸುಟ್ಟುಹೋಯಿತು. ಮತ್ತೆ ಸಾಲ ಮಾಡಿ ಮತ್ತೆ ಆರಂಭಿಸಿದರು. ೧೯೬೭ರಲ್ಲಿ ಅವರು ಸ್ಥಾಪಿಸಿದ ಹ್ಯುಂಡೈ ಮೋಟಾರು ಕಂಪನಿಯ ಕಾರುಗಳು ಇಂದು ಹುಮನಾಬಾದಿನ ಬಸ್ ನಿಲ್ದಾಣದ ಮುಂದೆಯೂ ನಿಂತಿರುತ್ತವೆ. ೧೯೯೮ರಲ್ಲಿ ಆ ಮುದುಕರು ಎರಡು ಸಲ ಗಡಿ ದಾಟಿ ತಮ್ಮ ಹುಟ್ಟೂರಿರುವ ಉತ್ತರ ಕೊರಿಯಾಕ್ಕೆ ೧,೦೦೧ ದನಗಳನ್ನು ಲಾರಿಗಳಲ್ಲಿ ಒಯ್ದು ಕೊಟ್ಟರು. ತಂದೆಯ ಒಂದು ಹಸುವಿನ ಋಣ. ಅದೇ ದೇಶದ ಕಿಯಾ ಕಂಪನಿ ೧೯೪೪ರಲ್ಲಿ ಬೈಸಿಕಲ್ಲಿನ ಭಾಗಗಳನ್ನು ಮಾಡುವ ಕಾರಖಾನೆಯಾಗಿ ಹುಟ್ಟಿತು. ಬೈಸಿಕಲ್ಲಿನಿಂದ ಅವರು ಮೋಟಾರಿಗೆ ಹೋದರು, ನಮ್ಮವರು ನೇಗಿಲಿಗೆ ಹೋದರು.

ಇದರಲ್ಲಿ ನಮ್ಮವರ ಕೊರತೆಯೇನೂ ಇರಲಿಲ್ಲವೆಂದೇ ನನ್ನ ಅಭಿಪ್ರಾಯ. ೧೯೩೦ರ ದಶಕದಲ್ಲಿ ವಿಶ್ವೇಶ್ವರಯ್ಯನವರು ಈ ದೇಶದಲ್ಲಿ ಮೋಟಾರು ಕಾರಖಾನೆಯಾಗಬೇಕೆಂದು ಯೋಜನೆ ಬರೆದು ಎಷ್ಟು ಓಡಾಡಿದರು! ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು ಅದನ್ನು ಕೈಗೆತ್ತಿಕೊಂಡರೂ ಬ್ರಿಟಿಷ್ ಸರಕಾರ ಆಸರೆಯಾಗಲಿಲ್ಲ. ಕೊರಿಯಾದಲ್ಲಿ ಸ್ವಂತ ಸರಕಾರವೇ ಸಾಲ ಕೊಟ್ಟು, ರಕ್ಷಣೆ ಕೊಟ್ಟು, ಬೆನ್ನ ಹಿಂದೆ ನಿಂತಿತು. ಲಕ್ಷ್ಮಣರಾಯರಿಗೆ ದೊರೆತದ್ದು ಒಂದು ಸಣ್ಣ ಸಂಸ್ಥಾನದ ಹತ್ತು ಸಾವಿರ ರೂಪಾಯಿ. ಅವರ ಮರಿಮಗನ ಕಾಲದಲ್ಲಿ, ೧೯೯೭ರಲ್ಲಿ, ಬೆಂಗಳೂರಿನ ಬಳಿಯ ಬಿಡದಿಯಲ್ಲಿ ಜಪಾನಿನ ಟೊಯೋಟಾದೊಡನೆ ಸೇರಿ ಕಾರಿನ ಕಂಪನಿಯಾಯಿತು. ಆ ಟೊಯೋಟಾದ ಮನೆತನವೂ ಮೊದಲು ಮಗ್ಗ ಮಾಡುತ್ತಿದ್ದದ್ದೇ.

ಲಕ್ಷ್ಮಣರಾಯರು ೧೯೫೬ನೆಯ ಇಸವಿ ಸೆಪ್ಟೆಂಬರ್ ೨೬ರಂದು, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದಾಗಿ ಐದು ವಾರಕ್ಕೆ, ನವೆಂಬರ್ ಒಂದರಂದು, ಅವರ ಬೆಳಗಾವಿಯೂ ನಮ್ಮ ಬೀದರವೂ ಒಂದೇ ರಾಜ್ಯಕ್ಕೆ ಸೇರಿದವು. ೧೯೬೯ರಲ್ಲಿ, ಜನ್ಮಶತಾಬ್ದಿಯ ವರ್ಷ, ಭಾರತ ಸರಕಾರ ಅವರ ಚಿತ್ರವಿರುವ ಅಂಚೆ ಚೀಟಿಯನ್ನು ಹೊರಡಿಸಿತು.

ಈ ಲೇಖನದ ಕರಡನ್ನು ಒಂದು ರವಿವಾರ ಅಣ್ಣನಿಗೆ ಓದಿ ಹೇಳಿದೆ. ನನ್ನ ನಾಚಿಕೆಯ ಭಾಗವನ್ನು ಓದುವಾಗ ಅವನು ಏನೂ ಮಾತಾಡಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದು ಕುಳಿತ, ಮುಂದೆ ಓದು ಎಂಬಂತೆ ಕೈ ಮಾಡಿದ. ಎರಕದ ನೇಗಿಲಿನ ಮೂತಿ ಬೇಗ ಸವೆಯದಂತೆ ಗಟ್ಟಿ ಮಾಡುವುದರ ಬಗ್ಗೆ ನನಗಿಂತ ಹೆಚ್ಚು ತಿಳಿದವನಾದ್ದರಿಂದ, ಎರಕ ಹೊಯ್ಯುವಾಗ ಅಚ್ಚಿನ ಆ ಭಾಗದಲ್ಲಿ ಕಬ್ಬಿಣದ ತುಂಡಿಟ್ಟು ಬೇಗನೆ ಆರಿಸಿದರೆ ಅಷ್ಟು ಜಾಗ ಬಿಳಿಯಾಗಿ ಗಡುಸಾಗುತ್ತದೆಂದು ನನಗೇ ಪಾಠ ಹೇಳಿದ. ಆಮೇಲೆ, ಕಿರ್ಲೋಸ್ಕರವಾಡಿಗೆ ಹೋಗುವುದು ಹೇಗೆಂದು ಕೇಳಿದ. ಸೊಲ್ಲಾಪುರದವರೆಗೆ ಬಸ್ಸಿನಲ್ಲಿ ಹೋಗಿ, ರೈಲು ಹಿಡಿದು, ಮಿರಜದಲ್ಲಿ ಗಾಡಿ ಬದಲಿಸಿದರೆ ಸ್ಟೇಷನ್ನು ಬರುತ್ತದೆ. ದೀಪಾವಳಿಗೆ ಗ್ಯಾರೇಜು ಮೂರು ದಿನ ಮುಚ್ಚುತ್ತದೆ. ಆಗ ಹೋಗುವುದೆಂದು ನಿಶ್ಚಯಿಸಿದ್ದೇವೆ. ಟಿಕೇಟಿನ ಹಣ ಈ ಸಲ ನನ್ನ ವಿದ್ಯಾರ್ಥಿವೇತನದಿಂದ.